ಎಡಕ್ಕೆ ಬಿದ್ದ ಹೂವು

ನಮ್ಮ ಹಾಕಿ ತಂಡವನ್ನು ಇನ್ನೂ ಕಟ್ಟುತ್ತಲೇ ಇದ್ದಾರೆ. ನಮ್ಮದು ಅಂದರೆ ನಮ್ಮದೇನಲ್ಲ. ಆಟಗಾರರನ್ನು ಹರಾಜಿನಲ್ಲಿ ಕೊಂಡು ಆಡಿಸುವ ಲೀಗಿನ ಒಂದು ತಂಡ ಅದು. ಅದಕ್ಕಿರುವ ಊರಿನ ಹೆಸರನ್ನು ಕೇಳಿದ್ದೇವೆಯೇ ಹೊರತು ಆ ಊರನ್ನು ನಾನೂ ನೋಡಿಲ್ಲ, ನನ್ನ ಗೆಳೆಯನೂ ನೋಡಿಲ್ಲ. ಅಂಗಿಯ ಹಳದಿ ಬಣ್ಣ ನಾವು ಹುಡುಗರಿದ್ದಾಗ ಹಾಕುತ್ತಿದ್ದ ಹಳದಿಗೆ ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ದತ್ತು ತೆಗೆದುಕೊಂಡವರು ನಾವು. ಪ್ರತಿ ಸೀಸನ್ನಿನಲ್ಲೂ ಅದು ಪಟ್ಟಿಯ ತಳ ಹಿಡಿಯುತ್ತದೆ. ಪ್ರತಿ ಸಲವೂ ತರಬೇತುದಾರ ಕ್ಯಾಮೆರಾದ ಮುಂದೆ ಬಂದು, ಹೊಸ ತಂಡ ಕಟ್ಟುತ್ತಿದ್ದೇವೆ, ಸ್ವಲ್ಪ ತಾಳ್ಮೆಯಿರಲಿ ಅನ್ನುತ್ತಾನೆ.

“ಇವ್ರು ಕಟ್ಟಾಕತ್ತಿದ್ದು ಟೀಮೋ, ಗೌರ್ಮೆಂಟ್ ಬ್ರಿಡ್ಜೋ?” ಅನ್ನುತ್ತಾನೆ ಗೆಳೆಯ.

ಅವನದು ಕೊಟ್ಟೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ. ಸಂಜೆ ಮ್ಯಾಚಿದ್ದರೆ ಸುಟ್ಟುಹೋದ ಮೋಟಾರೊಂದಕ್ಕೆ ಫೋನು ಒರಗಿಸಿಟ್ಟು, ತಾಮ್ರದ ತಂತಿ ಸುತ್ತುತ್ತಲೇ ನೋಡುತ್ತಾನೆ. ನಾನು ಕಾಲೇಜಿನಲ್ಲಿ ಪಾಠ ಮುಗಿಸಿ, ಮನೆಗೆ ಹೋಗಿ, ಹೊರಡುವಾಗ ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಅರ್ಧ ದಾರಿಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸ್ ಹೋಗಿ, ಆಮೇಲೆ ಬಂದು ಸೇರುತ್ತೇನೆ. ಅಷ್ಟರಲ್ಲಿ ನಮ್ಮವರು ಎರಡು ಗೋಲು ತಿಂದಿರುತ್ತಾರೆ.

ನಾನು ಹೊಸಬರ ಪರ, ಅವನು ಹಳಬರ ಪರ.

“ಹುಡುಗ್ರಿಗೆ ಟೈಮ್ ಕೊಡ್ಬೇಕ್ಲೇ. ಇನ್ನೆರಡು ವರ್ಷ ಬಿಟ್ಟು ನೋಡು,” ಅನ್ನುತ್ತೇನೆ.

“ಮಾವಿನ ಗಿಡ ಹಚ್ಚೀಯೇನು, ಎರಡು ವರ್ಷ ಕಾಯಾಕ? ಆಡಾಕ ಬರೋರ್ನ ಆಡಿಸ್ಬೇಕಪ್ಪ.”

ನಗುತ್ತೇವೆ. ಅವನ ನಗು ನಿಜವಾದದ್ದು. ನನ್ನ ನಗುವಿನ ಕೆಳಗೆ ಮೂವತ್ತು ವರ್ಷದ ಹತ್ತಿರದ ಒಂದು ಸುಳ್ಳು ಕೂತಿದೆ. ತಂಡ ಕಟ್ಟುವ ಹುಚ್ಚು ಒಂದು ಕಾಲಕ್ಕೆ ನನಗೂ ಇತ್ತು. ಆಗ ನಾನು ಕೈಬಿಟ್ಟ ಹಳಬ ಇವನೇ.

ತಂಬ್ರಹಳ್ಳಿ ಕಡೆಯ ನಮ್ಮೂರಿಗೆ ವರ್ಗವಾಗಿ ಬಂದ ಡ್ರಿಲ್ ಮೇಷ್ಟ್ರೊಬ್ಬರು ಒಂದು ಗೋಣಿಚೀಲದ ತುಂಬ ಹಾಕಿ ಸ್ಟಿಕ್ ತಂದಿದ್ದರು. ಅವರು ಹೋದರೂ ಆಟ ಉಳಿಯಿತು. ನಾನು ಕ್ಯಾಪ್ಟನ್ ಆದದ್ದು ಆಟ ಬರುತ್ತಿತ್ತೆಂದಲ್ಲ, ಅರ್ಜಿ ಚೆನ್ನಾಗಿ ಬರೆಯುತ್ತಿದ್ದೆನೆಂದು. ಅವನು ಗೋಲ್‌ಕೀಪರ್. ಅವನ ಕಾಲಿನ ಪ್ಯಾಡುಗಳನ್ನು ಅವರವ್ವ ಹಳೇ ಕೌದಿಯಿಂದ ಹೊಲಿದಿದ್ದಳು. ಹರಪನಹಳ್ಳಿಯವರು ನಮ್ಮನ್ನು ಸಾಲಾಗಿ ಮೂರು ವರ್ಷ ಸೋಲಿಸಿದರು. ಮೂರನೆಯ ಸೋಲಿನ ಮೇಲೆ, ಹಡಗಲಿಯ ಪಂದ್ಯಕ್ಕೆ ಹೊಸ ತಂಡ ಕಟ್ಟಬೇಕೆಂದು ನನ್ನ ತಲೆಗೆ ಹೊಕ್ಕಿತು. ಕೀಪರ್ ಜಾಗಕ್ಕೆ ಚುರುಕಾದ ಒಬ್ಬನನ್ನು ನೋಡಿಯೂ ಇಟ್ಟಿದ್ದೆ. ಆದರೆ ಇವನಿಗೆ ಎದುರು ನಿಂತು ಹೇಳುವ ಎದೆ ನನಗಿರಲಿಲ್ಲ.

ನಮ್ಮಲ್ಲಿ ಎದೆ ಸಾಲದಿದ್ದಾಗ ದೇವರಿಗೆ ಹೂ ಕೇಳುತ್ತಾರೆ. ಊರದೇವತೆ ಅಮ್ಮನ ಮೂರ್ತಿಯ ಮೈಮೇಲೆ ನೀರಲ್ಲಿ ಅದ್ದಿದ ಹೂ ಹಚ್ಚಿ ಕೂತರೆ ಆಯಿತು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಹೊಲ ಕೊಳ್ಳಲು, ಬಾವಿ ತೋಡಲು, ಹೆಣ್ಣು ತರಲು ಕೇಳುವ ಹೂವನ್ನು ನಾನು ಗೋಲ್‌ಕೀಪರ್‌ಗಾಗಿ ಕೇಳಿದೆ. ತಂಡದವರೆಲ್ಲ ಒಪ್ಪಿದರು. ಅವನೂ ಒಪ್ಪಿ, ಊರಮ್ಮನ ಗುಡಿಯ ಕಟ್ಟೆಯ ಮೇಲೆ ಉಳಿದವರ ಜೊತೆ ಕೂತ.

ಒಳಗೆ ನಾನು, ಪೂಜಾರಿ ಇಬ್ಬರೇ. ಕೀಪರನ್ನು ಬದಲಿಸಲೇನವ್ವ ಎಂದು ಕೇಳಿದೆ. ಹೂ ಅಲುಗಲಿಲ್ಲ. ಕಾದು ಬೇಸತ್ತ ಪೂಜಾರಿ ಹಿಂದುಗಡೆ ಆಕಳಿಗೆ ಮೇವು ಹಾಕಿ ಬರುತ್ತೇನೆಂದು ಹೋದ. ಅವನು ಹೋದ ಮೇಲೆ ಹೂ ಬಿತ್ತು. ಎಡಕ್ಕೆ. ಗಾಳಿಯಿರಲಿಲ್ಲ. ನಾನು ಅದನ್ನು ಎತ್ತಿ ಅಂಗೈಯಲ್ಲಿ ಮುಚ್ಚಿಕೊಂಡು ಹೊರಗೆ ಬಂದು, “ಬಲಕ್ಕ ಬಿತ್ತು,” ಎಂದೆ.

ಅವನು ಗುಡಿಯ ಕಡೆ ತಿರುಗಿ ಕೈಮುಗಿದ. ಮರುದಿನ ಪ್ಯಾಡುಗಳನ್ನು ಒಗೆದು, ಒಣಗಿಸಿ ನಮ್ಮ ಮನೆಗೆ ತಂದುಕೊಟ್ಟ. ಹಡಗಲಿಯಲ್ಲಿ ನಾವು ಸೋತೆವು. ಅದರ ಮುಂದಿನ ವರ್ಷವೂ ಸೋತೆವು. ಅಲ್ಲಿಗೆ ನಾನು ಕಟ್ಟಿದ ತಂಡ ಚದುರಿಹೋಯಿತು. ಬಳ್ಳಾರಿಯಲ್ಲಿ ಪೊಲೀಸ್ ಇಲಾಖೆಗೆ ಆಟಗಾರರನ್ನು ಆರಿಸುತ್ತಿದ್ದಾರೆಂದು ಯಾರೋ ಹೇಳಿದಾಗ ಅವನು ಹೋಗಲಿಲ್ಲ. “ಅಮ್ಮನ ಬ್ಯಾಡ ಅಂದಾಳ,” ಅಂದನಂತೆ.

ಅಂದಿನಿಂದ ಆ ಹೂವು ನನ್ನನ್ನು ಬಿಟ್ಟಿಲ್ಲ. ಮನೆಯಲ್ಲಿ ದೇವರ ಪಟದ ಹೂ ಎಡಕ್ಕೆ ವಾಲಿದ್ದರೆ ಊಟದ ನಡುವೆ ಎದ್ದುಹೋಗಿ ಸರಿಪಡಿಸುತ್ತೇನೆ. ಹೆಂಡತಿ ಇದನ್ನು ಭಕ್ತಿ ಅಂದುಕೊಂಡಿದ್ದಾಳೆ. ಪಾಠ ಮಾಡುವಾಗ ಚಾಕ್‌ಪೀಸು ಕೈಜಾರಿದರೆ ಮೊದಲು ಯಾವ ಕಡೆ ಬಿತ್ತೆಂದು ನೋಡುತ್ತೇನೆ. ಅವನಿಗೆ ಹೇಳಿಬಿಡಬೇಕೆಂದು ಎಷ್ಟು ಸಲ ಅಂಗಡಿಗೆ ಹೋಗಿದ್ದೇನೋ, ಅಷ್ಟು ಸಲವೂ ಹಾಕಿಯ ಮಾತಾಡಿ ವಾಪಸ್ ಬಂದಿದ್ದೇನೆ.

ಈ ಸೀಸನ್ನಿನ ಮೂರನೇ ಮ್ಯಾಚಿನ ದಿನ ನಮ್ಮ ತಂಡದ ಹಳೇ ಕೀಪರನ್ನು ಹೊರಗೆ ಕೂರಿಸಿದ್ದರು. ಕ್ಯಾಮೆರಾ ಅವನ ಮುಖವನ್ನು ಮತ್ತೆ ಮತ್ತೆ ತೋರಿಸುತ್ತಿತ್ತು. ಗೆಳೆಯ ತಂತಿ ಸುತ್ತುವುದನ್ನು ನಿಲ್ಲಿಸಿದ.

“ಯಾರ್ನ ಕೇಳಿ ಕುಂದ್ರಿಸ್ಯಾರ್ಲೇ ಇವನ್ನ?” ಎಂದ. “ನಂದಾರ ಬ್ಯಾರೆ ಬಿಡು. ಅಮ್ಮ ಹೇಳಿದ್ಲು. ಇವ್ನಿಗೆ ಯಾರ್ ಹೇಳ್ಯಾರ?”

ಅಷ್ಟು ವರ್ಷಗಳಲ್ಲಿ ಅವನು ಆ ಮಾತೆತ್ತಿದ್ದು ಅದೇ ಮೊದಲು. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಅಮ್ಮ ಹೇಳಿರ್ಲಿಲ್ಲ. ಹೂ ಎಡಕ್ಕ ಬಿದ್ದಿತ್ತು. ನಾ ಸುಳ್ಳು ಹೇಳಿದ್ನಿ.”

ಫೋನಿನಲ್ಲಿ ಯಾರೋ ಗೋಲು ಹೊಡೆದರು. ಅವನು ನೋಡಲಿಲ್ಲ. ಬೈಯುತ್ತಾನೆ, ಪಕ್ಕದಲ್ಲಿದ್ದ ಸ್ಪ್ಯಾನರ್ ಎಸೆಯುತ್ತಾನೆ ಎಂದು ಕಾದೆ. ಚಿಂತೆ ಮಾಡುವುದರಲ್ಲಿ ಪಳಗಿದವನು ನಾನು, ಆಗಬಹುದಾದದ್ದನ್ನೆಲ್ಲ ಮೊದಲೇ ಯೋಚಿಸಿಟ್ಟಿದ್ದೆ. ಅವನು ಹೇಳಿದ್ದು ಮಾತ್ರ ನನ್ನ ಲೆಕ್ಕದಲ್ಲಿರಲಿಲ್ಲ.

“ಅವತ್ತ ಸಂಜಿಕ ನಾನೂ ಹೋಗಿದ್ನಿ ಗುಡಿಗೆ. ಒಬ್ಬನ. ನಾ ಆಡ್ಲೇನವ್ವ ಅಂತ ಕೇಳಿದ್ನಿ. ಪಟ್ಟನ ಬಲಕ್ಕ ಬಿತ್ತು.”

“ಮತ್ತ?”

“ಮತ್ತೇನು? ನಿನಗೊಂದು ಹೇಳ್ತಾಳ, ನನಗೊಂದು ಹೇಳ್ತಾಳ ಅಂತ ಅಮ್ಮನ ಮ್ಯಾಲೆ ಅನುಮಾನ ಬಂತು. ನೀ ಸುಳ್ಳು ಹೇಳಿರ್ತಿ ಅಂತ ಒಂದಿನನೂ ಅನಿಸ್ಲಿಲ್ಲ ನೋಡು. ಅವತ್ತಿಂದ ಹೂ ಕೇಳಿಲ್ಲ ನಾನು. ಮಗಳ ಲಗ್ನಕ್ಕೂ ಕೇಳ್ಲಿಲ್ಲ.”

ಊರಿಗೆ ಹೋದಾಗಲೆಲ್ಲ ಅವನು ಗುಡಿಯ ಒಳಗೆ ಬಾರದೆ ಚಪ್ಪಲಿ ಕಾಯುತ್ತ ಹೊರಗೇ ನಿಲ್ಲುವುದನ್ನು ನೋಡಿದ್ದೆ. ಅಮ್ಮನ ಮುಂದೆ ನಾಚಿಕೆ ಇರಬೇಕೆಂದುಕೊಂಡು ಮರುಗಿದ್ದೆ.

“ಈಗ ಯಾಕ ಹೇಳಿದಿ?” ಎಂದು ಕೇಳಿದ.

ನಾನು ಫೋನಿನ ಸೌಂಡು ಕಡಿಮೆ ಮಾಡಿದೆ.

“ನಿನಗ ಹಗುರಾತು ಬಿಡು,” ಎಂದು ತಂತಿ ಕೈಗೆತ್ತಿಕೊಂಡ. “ನಾ ಇದನ್ನ ತಗಂಡು ಏನ್ ಮಾಡ್ಲಿ ಈಗ?”

ಅದಾದ ಮೇಲೂ ನನ್ನ ಜೊತೆ ಮಾತು ಬಿಡಲಿಲ್ಲ ಅವನು. ಮ್ಯಾಚಿದ್ದಾಗ ಫೋನ್ ಮಾಡಿ ಕರೆಯುತ್ತಾನೆ, ಮಂಡಕ್ಕಿ ಮಿರ್ಚಿ ತರಿಸುತ್ತಾನೆ. ಹೊಸ ಹುಡುಗರಿಗೆ ಟೈಮ್ ಕೊಡಬೇಕೆಂದು ನಾನಂದರೆ, “ನೀ ಹೇಳಿದ್ದ ಖರೆ,” ಅನ್ನುತ್ತಾನೆ. ಅದನ್ನು ತಡೆಯಲಾರದೆ ಮುಂದಿನ ವಾರ ಬೇಕೆಂದೇ ಉಲ್ಟಾ ಹೊಡೆದು, ಹಳೇ ಕೀಪರನ್ನೇ ವಾಪಸ್ ನಿಲ್ಲಿಸಬೇಕು ಅಂದೆ. “ಅದೂ ಖರೆ,” ಎಂದ. ಬೈಯೋ ಮಾರಾಯ ಅಂದರೆ ನಕ್ಕುಬಿಟ್ಟ. ಹಳಬರ ಪರ, ಹೊಸಬರ ಪರ ಎರಡೂ ಕಡೆ ಈಗ ನಾನೊಬ್ಬನೇ ವಾದ ಮಾಡುತ್ತ ಕೂರುತ್ತೇನೆ.

ಮೊನ್ನೆ ಚೆಂಡು ಗೋಲಿನ ಗೆರೆ ದಾಟಿತೋ ಇಲ್ಲವೋ ಎಂದು ಅಂಪೈರುಗಳಿಗೇ ಗೊಂದಲವಾಯಿತು. ವಿಡಿಯೋವನ್ನು ಹಿಂದೆ ಮುಂದೆ ಓಡಿಸಿ ತೋರಿಸುತ್ತಿದ್ದರು. ನಾನು ಫೋನಿನ ಮೇಲೆ ಬಗ್ಗಿ, “ದಾಟಿಲ್ಲಲೇ, ನೋಡು ಬೇಕಾದ್ರ,” ಎಂದೆ.

ಅವನು ತಲೆಯೆತ್ತಲಿಲ್ಲ. ಬೆರಳಿನಲ್ಲಿ ತಂತಿಯ ಸುತ್ತು ಎಣಿಸುತ್ತಲೇ ಇದ್ದ.

“ದಾಟಿಲ್ಲ ಅಂತೀಯೇನು?” ಎಂದ. “ಹಂಗಾರ ದಾಟಿಲ್ಲ.”