ಮಾವನ ಟರ್ಬೋ ಕಾರೂ ಅತ್ತೆಯ ಕಿವಿಯೂ

ಕಳೆದ ವಾರ ಕೋಲಾರದ ಸರ್ವೀಸ್ ಸ್ಟೇಷನ್ನಿನ ತಣ್ಣನೆಯ ಕೋಣೆಯಲ್ಲಿ ಕುಳಿತು ಎರಡನೆಯ ಲೋಟ ಕಾಫಿ ಕುಡಿಯುತ್ತಿದ್ದೆ. ಟೈ ಕಟ್ಟಿದ ತರುಣನೊಬ್ಬ ಬಂದು ನನ್ನ ಕಾರಿನ ಜಾತಕವನ್ನು ಕೈಗಿತ್ತ. ಮೂರು ಪುಟದ ಆ ಕಾಗದದಲ್ಲಿ ನನಗೆ ಅರ್ಥವಾದದ್ದು ಒಂದೇ ಸಾಲು: ಟರ್ಬೋ ಗಾಳಿ ಪೈಪು ಸಡಿಲ. "ಟೈಟ್ ಮಾಡಿದ್ದೀವಿ ಸಾರ್, ಸಣ್ಣ ವಿಷಯ" ಎಂದ ಅವನು. ಅವನಿಗೆ ಸಣ್ಣ ವಿಷಯ. ನನಗೆ ಕಾಫಿ ನೆತ್ತಿಗೇರಿ ಕೆಮ್ಮು ಬಂತು. ಇಂಥದೇ ಒಂದು ಪೈಪಿನ ಸಂಗತಿಯನ್ನು ಸುಮಾರು ನಲವತ್ತು ವರ್ಷ ಯಾರಿಗೂ ಹೇಳದೆ ನುಂಗಿಕೊಂಡು ಬಂದವನು ನಾನು. ಈಗ ನಿಮ್ಮ ಮುಂದೆ ಹೇಳಿಬಿಡುತ್ತೇನೆ. ನೀವೇನೂ ನಮ್ಮ ನೆಂಟರಲ್ಲವಲ್ಲ.

ಎಂಬತ್ತರ ದಶಕದ ನಡುವಿನ ವರ್ಷಗಳು. ನಾನು ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇದ್ದದ್ದು ಸೋದರತ್ತೆ ವೆಂಕಟಲಕ್ಷ್ಮಮ್ಮನ ಮನೆಯಲ್ಲಿ. ಅತ್ತೆಯ ಗಂಡ ಕೃಷ್ಣಪ್ಪ ಮಾವ ಮಾವಿನಹಣ್ಣಿನ ಮಂಡಿ ಇಟ್ಟಿದ್ದರು. ಊರಾಚೆಯ ಮಾವಿನ ತೋಟವೂ ಅವರದೇ. ಅವರದೇ ಎಂದರೆ, ಹಣ್ಣಿನ ಕಾಲದಲ್ಲಿ ಅವರದು. ನೀರು ಹಾಯಿಸುವ ಕಾಲದಲ್ಲಿ ಅತ್ತೆಯದು.

ಮದರಾಸಿನಲ್ಲಿದ್ದ ಯಾರೋ ವಿದೇಶಿ ಸಾಹೇಬರು ತಮ್ಮ ದೇಶಕ್ಕೆ ಮರಳುವಾಗ ಕಾರನ್ನು ಹರಾಜಿಗೆ ಬಿಟ್ಟರಂತೆ. ಮಾವ ಮಾವಿನಹಣ್ಣಿನ ಲೋಡಿನ ಜೊತೆ ಹೋದವರು ಕಾರಿನ ಜೊತೆ ಬಂದರು. ಉದ್ದನೆಯ ಕೆಂಪು ಕಾರು. ಅದರ ಹಿಂಬದಿಯಲ್ಲಿ ಬೆಳ್ಳಿ ಅಕ್ಷರದಲ್ಲಿ 'ಟರ್ಬೋ' ಎಂದಿತ್ತು. ಊರವರು ಅದನ್ನು ಸಾಹೇಬರ ಹೆಸರೆಂದೇ ತಿಳಿದರು. ವಾರದೊಳಗೆ ಮಾವ 'ಟರ್ಬೋ ಕೃಷ್ಣಪ್ಪ' ಆದರು. ಮೊದಲು ಮುಜುಗರಪಟ್ಟವರಂತೆ ನಟಿಸಿದರು. ಆಮೇಲೆ ಮದುವೆಯ ಮುಯ್ಯಿಯ ಲಕೋಟೆಯ ಮೇಲೆ ತಾವೇ ಹಾಗೆ ಬರೆದುಕೊಳ್ಳತೊಡಗಿದರು.

ಕಾರಿನ ಜೊತೆ ಇಂಗ್ಲಿಷ್ ಪುಸ್ತಕವೊಂದು ಬಂದಿತ್ತು. ಅದನ್ನು ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ. ಹೀಗಾಗಿ ಸ್ಟೀರಿಂಗ್ ಮುಟ್ಟದೆಯೇ ನಾನು ಕಾರಿನ ಪಂಡಿತನಾದೆ. ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸಕ್ಕೆ ಒಳಗೊಂದು ಪುಟ್ಟ ಫ್ಯಾನು ತಿರುಗುತ್ತದೆ. ಆ ಫ್ಯಾನು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ದಪ್ಪ ರಬ್ಬರ್ ಪೈಪಿನ ಮೂಲಕ ಎಂಜಿನ್ನಿಗೆ ತುರುಕುತ್ತದೆ. ಗಾಳಿ ಹೆಚ್ಚಿದಷ್ಟೂ ಕಸುವು ಹೆಚ್ಚು. ಇದೇ ಟರ್ಬೋ. ಇಷ್ಟು ಹೇಳಲು ನನಗೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಸಹೋದ್ಯೋಗಿಗಳನ್ನು ಕರೆತಂದು ಬಾನೆಟ್ ಎತ್ತಿ ಪಾಠ ಮಾಡಿದೆ. ಬರಿ ಮಾತಿನ ಪಾಠ ಸಾಲದೆಂದು, ಆ ರಬ್ಬರ್ ಪೈಪನ್ನು ಬಿಗಿದಿದ್ದ ಲೋಹದ ಪಟ್ಟಿಯ ಸ್ಕ್ರೂ ಸಡಿಲಿಸಿ, ಪೈಪನ್ನು ಕಿತ್ತು, "ನೋಡಿ, ಗಾಳಿ ಹೋಗೋ ದಾರಿ ಇದೇ" ಎಂದು ತೋರಿಸಿದೆ. ಮೇಷ್ಟರುಗಳೆಲ್ಲ ಹೌದೌದೆಂದು ತಲೆದೂಗಿದರು. ಅಷ್ಟರಲ್ಲಿ ಅತ್ತೆ ಬೋಂಡಾ ತಂದಿಟ್ಟರು. ಬೋಂಡಾ ತಣ್ಣಗಾಗುತ್ತದೆಂಬ ಆತುರದಲ್ಲಿ ಪೈಪನ್ನು ಮತ್ತೆ ಸಿಕ್ಕಿಸಿ, ಸ್ಕ್ರೂವನ್ನು ಬೆರಳಿನಲ್ಲೇ ಎರಡು ಸುತ್ತು ತಿರುಗಿಸಿ ಬಾನೆಟ್ ಮುಚ್ಚಿದೆ.

ಮರುವಾರ ಮಾಲೂರಿನ ಮದುವೆಗೆ ಹೋಗುವಾಗ ಹಿಂದಿನ ಸೀಟಿನಿಂದ ಅತ್ತೆ, "ರೀ, ಏರಿನಾಗೆ ಉಸ್ ಅಂತೈತೆ ನೋಡ್ರಿ" ಎಂದರು.

"ಫಾರಿನ್ ಕಾರು ಕಣೇ. ಉಸ್ ಅನ್ನದೆ ಇನ್ನೇನು ಕೊಯ್ ಅಂತೈತಾ?" ಎಂದರು ಮಾವ.

ದಿನ ಕಳೆದಂತೆ ಉಸ್ ಹೆಚ್ಚಾಯಿತು, ಕಸುವು ಕಡಿಮೆಯಾಯಿತು. ಮುಳಬಾಗಿಲಿನ ರಸ್ತೆಯಲ್ಲಿ ಟೊಮ್ಯಾಟೊ ತುಂಬಿದ ಹಳೇ ಟೆಂಪೋ ಒಂದು ನಮ್ಮನ್ನು ಹಿಂದೆ ಹಾಕಿತು. ಅದರ ಕ್ಲೀನರು ಕೈ ಬೀಸಿದ್ದು ಮಾವನ ಎದೆಗೆ ನಾಟಿತು. ಮಂಡಿಯ ಜಗಲಿಯಲ್ಲಿ ದಿನವೂ ಪಂಚಾಯ್ತಿ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆತಿದೆ ಎಂದನೊಬ್ಬ. ಕಾರನ್ನು ದಕ್ಷಿಣಕ್ಕೆ ಮುಖಮಾಡಿ ನಿಲ್ಲಿಸಬಾರದೆಂದನಿನ್ನೊಬ್ಬ. ನಿಂಬೆಹಣ್ಣಿನ ಮೇಲೆ ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿಯಾದವು. ಕೊನೆಗೆ ಎಲ್ಲರೂ ನನ್ನತ್ತ ತಿರುಗಿದರು. ನಾನು ಕನ್ನಡಕ ಒರೆಸಿಕೊಂಡು, "ನಮ್ಮ ಸೀಮೆ ಸಮುದ್ರಮಟ್ಟದಿಂದ ಬಹಳ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು. ಅದು ಮದರಾಸಿನ ಗಾಳಿಗೆ ಒಗ್ಗಿದ ಕಾರು" ಎಂದೆ. ಈ ಮಾತು ಮಾವನಿಗೆ ಬಹಳ ಹಿಡಿಸಿತು. ಅಂದಿನಿಂದ ಕೇಳಿದವರಿಗೆಲ್ಲ, "ಏನ್ ಮಾಡೋದಪ್ಪಾ, ನಮ್ಮೂರ ಗಾಳಿ ನಮ್ ಕಾರಿಗೆ ಸಾಲ್ದು" ಎಂದು ನಿಟ್ಟುಸಿರಿಡುತ್ತಿದ್ದರು. ಬೆರಳಿನಲ್ಲಿ ತಿರುಗಿಸಿದ ಆ ಸ್ಕ್ರೂ ನನಗೆ ನೆನಪಾಗುತ್ತಿರಲಿಲ್ಲವೇ? ಆಗುತ್ತಿತ್ತು. ಪಂಡಿತನಾದವನು ಮಾಡಿದ ತಪ್ಪನ್ನು ಒಪ್ಪುವುದಕ್ಕಿಂತ ಇಡೀ ಜಿಲ್ಲೆಯ ಗಾಳಿಯನ್ನು ದೂರುವುದು ಸುಲಭ.

ಬಸ್ ಸ್ಟ್ಯಾಂಡಿನ ಬಳಿ ಬಾಷಾ ಸಾಬರ ಗ್ಯಾರೇಜಿತ್ತು. ಕೈಗುಣವಿದ್ದ ಮನುಷ್ಯ. ಆದರೆ, "ಲಾರಿ ರಿಪೇರಿ ಮಾಡೋ ಕೈ ಇದನ್ನ ಮುಟ್ಟಬಾರ್ದು" ಎಂದು ಮಾವ ಕಾರನ್ನು ಅತ್ತ ತಿರುಗಿಸಿಯೂ ನೋಡಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ರಾಯಲ್ಪಾಡಿನಿಂದ ಮೊದಲ ಬಸ್ಸಿಗೆ ಆಳೊಬ್ಬ ಬಂದ. ಅಲ್ಲಿದ್ದ ನಮ್ಮಜ್ಜಿಗೆ, ಎಂದರೆ ಅತ್ತೆಯ ತಾಯಿಗೆ, ಎದೆ ಹಿಡಿದುಕೊಂಡು ಉಸಿರಾಡಲು ಕಷ್ಟವಾಗಿದೆಯಂತೆ. ಮಾವ, ಅತ್ತೆ, ನಾನು ಕೂಡಲೇ ಹೊರಟೆವು. ಅಜ್ಜಿಯನ್ನು ಎತ್ತಿ ತಂದು ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ಮಲಗಿಸಿ ಕೋಲಾರದ ಆಸ್ಪತ್ರೆಯತ್ತ ತಿರುಗಿದೆವು. ಎರಡು ಮೈಲಿ ಬಂದಿರಬೇಕು, ಗುಡ್ಡದ ಏರು ಎದುರಾಯಿತು. ಕಾರು ಉಸ್ಸೆಂದಿತು, ಕಪ್ಪು ಹೊಗೆ ಕಾರಿತು, ಆಮೇಲೆ ಪಟ್ಟೆಂದು ಸದ್ದಾಗಿ ನಿಂತೇಬಿಟ್ಟಿತು. ಹಿಂದೆ ಮುಂದೆ ಒಂದು ವಾಹನವಿಲ್ಲ. ಅಜ್ಜಿಯ ಉಸಿರು ಕೀರಲಾಗಿ ಕೇಳಿಸುತ್ತಿತ್ತು.

"ಏನ್ಲಾ ಮೇಷ್ಟ್ರೇ, ಈಗೇನ್ಲಾ ಮಾಡೋದು?" ಮಾವ ಸ್ಟೀರಿಂಗ್ ಬಿಟ್ಟು ನನ್ನತ್ತ ತಿರುಗಿದರು.

ಗಾಳಿ ತೆಳು ಎಂದು ಅಜ್ಜಿಯ ಮುಂದೆ ಹೇಳುವುದು ಹೇಗೆ?

ಅತ್ತೆ ಅಜ್ಜಿಯ ತಲೆಯನ್ನು ಮೆಲ್ಲಗೆ ಸೀಟಿನ ಮೇಲಿಟ್ಟು ಕೆಳಗಿಳಿದರು. "ಬಾನೆಟ್ ತೆಗೀರಿ."

"ನಿಂಗೇನ್ ಗೊತ್ತಾಗ್ತೈತೆ ಅದ್ರಾಗೆ?"

"ತೆಗೀರಿ ಅಂದ್ನಲ್ಲಾ!"

ಮಾವ ತೆಗೆದರು. ಮದುವೆಯಾದ ಮೇಲೆ ಅತ್ತೆಯಿಂದ ಆ ದನಿ ಕೇಳಿದ್ದು ಅವರಿಗೆ ಅದೇ ಮೊದಲಿರಬೇಕು. ಅತ್ತೆ ಬಗ್ಗಿ ನೋಡಿದರು. ದಪ್ಪ ರಬ್ಬರ್ ಪೈಪು ಎಂಜಿನ್ನಿನ ಲೋಹದ ಬಾಯಿಂದ ಪೂರಾ ಕಳಚಿಕೊಂಡು ಪಕ್ಕಕ್ಕೆ ವಾಲಿತ್ತು.

"ಅಷ್ಟೇನಾ! ನಮ್ ತೋಟದ ಪಂಪ್‌ಸೆಟ್ಟಿನ ಪೈಪು ಹಿಂಗೇ ಅಲ್ವಾ ಬಿಚ್ಕೊಳ್ಳೋದು. ಒಳಗೆಲ್ಲಾ ಎಣ್ಣೆ ಜಿಡ್ಡು. ಜಿಡ್ಡಿದ್ರೆ ಎಷ್ಟು ಸಿಕ್ಕಿಸಿದ್ರೂ ಜಾರ್ತೈತೆ." ಸುತ್ತ ನೋಡಿ, ಮಾವನ ಹೆಗಲ ಮೇಲಿದ್ದ ಜರಿ ಅಂಚಿನ ಅಂಗವಸ್ತ್ರವನ್ನು ಸರಕ್ಕನೆ ಎಳೆದುಕೊಂಡರು.

"ಲೇ ಲೇ, ಅದು ಕಂಚೀದು ಕಣೇ!"

ಕಂಚಿಯ ವಸ್ತ್ರ ಪೈಪಿನೊಳಗೆ ಹೋಗಿ ಕಪ್ಪಾಗಿ ಹೊರಬಂತು. ಲೋಹದ ಬಾಯನ್ನೂ ಉಜ್ಜಿ ಒಣಗಿಸಿದರು. "ರಾಮಾ, ಗೋವಿಂದಾ ಅನ್ಕೊಂಡು ನಿಂತ್ಕಬೇಡ, ಇದನ್ನ ಒತ್ತಿ ಹಿಡ್ಕೋ" ಎಂದು ನನಗೆ ಹೇಳಿದರು. ಕಬ್ಬಿಣ ಕಾದಿತ್ತು, ಅಂಗೈ ಚುರುಕ್ಕೆಂದಿತು. ಸುಡುತ್ತದೆ ಎನ್ನುವ ಹಕ್ಕು ನನಗಿರಲಿಲ್ಲ. ಪೈಪನ್ನು ಬೆರಳಗಲ ಒಳಕ್ಕೆ ಒತ್ತಿ ಹಿಡಿದೆ. ಸ್ಕ್ರೂ ಬಿಗಿಯಲು ಕಾರಿನಲ್ಲಿ ಒಂದು ಆಯುಧವಿಲ್ಲ. ಸೆಂಟಿನ ಬಾಟಲಿ ಇತ್ತು. ಅತ್ತೆ ಅಜ್ಜಿಯ ಎಲೆಅಡಿಕೆ ಚೀಲಕ್ಕೆ ಕೈ ಹಾಕಿ, ಅಡಕತ್ತರಿ ತೆಗೆದು, ಅದರ ತುದಿಯನ್ನು ಸ್ಕ್ರೂವಿನ ಗೀರಿಗೆ ಕೊಟ್ಟು, ಹಲ್ಲು ಕಚ್ಚಿ ತಿರುಗಿಸಿದರು.

ಒಳಗಿಂದ ಅಜ್ಜಿ ಕ್ಷೀಣವಾಗಿ ತೆಲುಗಿನಲ್ಲಿ, "ಏಮೇ, ನಾ ಅಡಕತ್ತೆರ ಎವರು ತೀಸಿಂದಿ?" ಎಂದರು. ತಮ್ಮ ಅಡಕತ್ತರಿ ತೆಗೆದದ್ದು ಯಾರೆಂಬ ವಿಚಾರಣೆ. ಅಜ್ಜಿ ಸಾಯುವುದಿಲ್ಲವೆಂದು ನನಗೆ ಆಗಲೇ ಅನ್ನಿಸಿತು.

ಮಾವ ಕೀಲಿ ತಿರುಗಿಸಿದರು. ಕಾರು ಗುರ್ರೆಂದಿತು. ಏರಿನಲ್ಲಿ ಉಸ್ ಎನ್ನಲಿಲ್ಲ. ಯಾರೋ ಹಿಂದಿನಿಂದ ತಳ್ಳಿದಂತೆ ನುಗ್ಗಿತು. ಕೋಲಾರದ ಡಾಕ್ಟರು, "ಹೊತ್ತಿಗೆ ಸರಿಯಾಗಿ ಕರ್ಕೊಂಡ್ ಬಂದ್ರಿ" ಎಂದರು. ಅಜ್ಜಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಗೆದ್ದು ಬಂದರು. ಆಮೇಲೆ ಎಂಟು ವರ್ಷ ಎಲೆಅಡಿಕೆ ಹಾಕಿದರು.

ಆ ಪ್ರಸಂಗವಾದ ಮೇಲೆ ಮಾವ ತಾವಾಗಿಯೇ, ನನ್ನನ್ನೂ ಕೂರಿಸಿಕೊಂಡು, ಕಾರನ್ನು ಬಾಷಾ ಸಾಬರಲ್ಲಿಗೆ ಒಯ್ದು ಪೈಪು ಕಳಚಿದ ಕತೆ ಹೇಳಿದರು. ಸಾಬರು ಬಗ್ಗಿ ನೋಡಿ, "ಯಾರ್ ಸಾಮಿ ಬಿಗಿದಿದ್ದು? ಗಟ್ಟಿ ಕೆಲ್ಸ" ಎಂದರು.

"ಮನೇಲೇ ಮಾಡ್ಕೊಂಡ್ವಿ" ಎಂದರು ಮಾವ, ಮಾಡಿದವರು ಯಾರೆಂಬುದನ್ನು ಬಹುವಚನದಲ್ಲಿ ಕರಗಿಸಿ.

"ಆದ್ರೆ ಇದು ತಾನಾಗಿ ಲೂಸ್ ಆಗಿದ್ದಲ್ಲ. ಯಾರೋ ಬಿಚ್ಚವ್ರೆ, ಸರಿಯಾಗಿ ಹಾಕಿಲ್ಲ."

ಮಾವ ಮೀಸೆ ತಿರುವಿ, "ಮದರಾಸಿನೋರು ಕಣಯ್ಯಾ, ನಂಬಬಾರ್ದು" ಎಂದರು. ನಾನು ಮದರಾಸಿನವರ ಪರ ಒಂದು ಮಾತೂ ಆಡಲಿಲ್ಲ. ಮಾವ ತೀರಿಕೊಳ್ಳುವವರೆಗೂ ಆ ಊರಿನ ಮೇಲಿನ ಕೋಪ ಬಿಡಲಿಲ್ಲ.

ಕಳೆದ ವಾರ ಸರ್ವೀಸ್ ಸ್ಟೇಷನ್ನಿನಿಂದ ಹೊರಬಿದ್ದವನು ಮನೆಗೆ ಹೋಗಲಿಲ್ಲ. ನೇರ ಶ್ರೀನಿವಾಸಪುರಕ್ಕೆ ಹೋದೆ. ಎಂಬತ್ತು ದಾಟಿದ ಅತ್ತೆ ಮೊಮ್ಮಗನ ಹೆಂಡತಿಯ ಜೊತೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಒಂದು ಹಿಡಿ ಎಳೆದುಕೊಂಡು, ಕಾಯಿ ಸುಲಿಯುತ್ತಲೇ, ತಲೆಯೆತ್ತದೆ ಎಲ್ಲವನ್ನೂ ಹೇಳಿದೆ. ಅಜ್ಜಿಗೆ ಏನಾದರೂ ಆಗಿದ್ದರೆ ಅದು ನನ್ನಿಂದಲೇ ಆಗುತ್ತಿತ್ತು ಎಂದೂ ಹೇಳಿದೆ.

ಅತ್ತೆ ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದರು. "ಆಗಿದ್ರೆ ನಿನ್ನ ಸುಮ್ಕೆ ಬಿಡ್ತಿರ್ಲಿಲ್ಲ ಕಣೋ" ಎಂದರು. ಆಮೇಲೆ ಕಣ್ಣು ಕಿರಿದಾಗಿಸಿ, "ಒಂದು ಹೇಳ್ಲಾ? ಅವತ್ತು ಅದು ಕೆಡದೆ ಇದ್ದಿದ್ರೆ, ಒಳಗೆ ಏನೈತೆ ಅಂತ ನಂಗೆ ಯಾರ್ ತೋರಿಸ್ತಿದ್ರು? ನಿನ್ ಜೊತೆ ಮೇಷ್ಟ್ರುಗಳಿಗೆಲ್ಲ ಪಾಠ ಮಾಡ್ದೆ. ನಂಗೆ ಬೋಂಡಾ ಕರಿಯಾಕೆ ಹೇಳ್ದೆ."

ಅಂಗೈಯಲ್ಲಿದ್ದ ಕಾಳು ಕೆಳಗೆ ಬಿತ್ತು. ಇಷ್ಟು ವರ್ಷ ನಾನು ಒಂದೇ ತಪ್ಪನ್ನು ಹೊತ್ತು ತಿರುಗಿದ್ದೆ. ಇನ್ನೊಂದು ಇತ್ತೆಂದು ತಿಳಿದೇ ಇರಲಿಲ್ಲ.

"ಬನ್ನಿ ಅತ್ತೆ" ಎಂದು ಕೈಹಿಡಿದು ಎಬ್ಬಿಸಿ ಅಂಗಳಕ್ಕೆ ಕರೆತಂದೆ. ನನ್ನ ಹೊಸ ಕಾರಿನ ಬಾನೆಟ್ ಎತ್ತಿದೆ. ಒಳಗೆ ಈ ಕಡೆಯಿಂದ ಆ ಕಡೆಯವರೆಗೆ ನುಣುಪಾದ ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಅತ್ತೆ ಬಗ್ಗಿ, ಎಡಕ್ಕೂ ಬಲಕ್ಕೂ ವಾಲಿ ನೋಡಿ, ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ಥೂ, ಎಲ್ಲಾ ಮುಚ್ಚಿಕ್ಕವ್ರಲ್ಲೋ! ಹೋಗು, ಸ್ಕ್ರೂಡ್ರೈವರ್ ತಗೊಂಬಾ."