ಉಣ್ಣೆಯ ಕೈಗವಸು ತೊಟ್ಟು ತುಮ್ಮನಟ್ಟಿಗೆ

ಗುಂಡ್ಲುಪೇಟೆಯಿಂದ ಹೊರಟಾಗ ಎಳೆಬಿಸಿಲು ಆಗಷ್ಟೇ ರಸ್ತೆಗೆ ಬಿದ್ದಿತ್ತು. "ಅರವತ್ತಕ್ಕೆ ಅರಳುಮರಳು ಅಂತಾರೆ, ನಿಮಗೆ ಎರಡು ವರ್ಷ ಮುಂಚೆಯೇ ಬಂತು" ಎನ್ನುತ್ತಲೇ ಹೆಂಡತಿ ಲೀಲಾ ಬುತ್ತಿಯನ್ನು ಚೀಲಕ್ಕೆ ಹಾಕಿದಳು. ಮೋಟಾರ್‌ಸೈಕಲ್ ಕಲಿತು ನನಗಿನ್ನೂ ಮೂರು ತಿಂಗಳಾಗಿರಲಿಲ್ಲ. ಬಸ್ಸಿನಲ್ಲಿ ಹೋಗಬಹುದಿತ್ತು. ಆದರೆ ಭೋಜನಿಗೆ ಒಂದು ಮಾತು ಕೊಟ್ಟಿದ್ದೆ.

ಭೋಜ ಊಟಿಯ ಹತ್ತಿರದ ತುಮ್ಮನಟ್ಟಿಯವನು, ನೀಲಗಿರಿಯ ಬಡಗ ಜನಾಂಗದವನು, ಕ್ಯಾರೆಟ್, ಆಲೂಗಡ್ಡೆ ಬೆಳೆಯುತ್ತಿದ್ದ. ಅವನ ಮಾಲು ನಮ್ಮ ತರಕಾರಿ ಮಂಡಿಗೆ ಬರುತ್ತಿತ್ತು. ನಾನು ಯಾವಾಗಲೂ ತರಕಾರಿ ಲಾರಿಯಲ್ಲೇ ಅವನ ಮನೆಗೆ ಹೋಗಿಬರುತ್ತಿದ್ದೆ. "ಯಾವತ್ತಾದ್ರೂ ನಿನ್ನ ಸ್ವಂತ ಗಾಡೀಲಿ ಬತ್ತೀಯಾ?" ಎಂದು ರೇಗಿಸುತ್ತಿದ್ದ. "ನಿನ್ನ ಮಗಳ ಮದುವೆಗೆ ಬರ್ತೀನಿ, ನೋಡ್ತಿರು" ಎಂದಿದ್ದೆ. ನೋಡಲು ಅವನು ಉಳಿಯಲಿಲ್ಲ. ಕಳೆದ ವರ್ಷ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ಸುಮತಿ ಹೊರಡೋ ದಿನ ನನ್ನ ಕೈ ಇರಬೇಕಾದ ಕಡೆ ನಿನ್ನ ಕೈ ಇರ್ಲಿ" ಎಂದ. ಮದುಮಗಳು ತವರಿನಿಂದ ಹೊರಡುವ ಮುಂಚೆ ಹಿರಿಯರ ಮುಂದೆ ತಲೆ ಬಾಗುತ್ತಾಳೆ, ಅವರು ತಲೆಯ ಮೇಲೆ ಬಲಗೈಯಿಟ್ಟು ಹರಸುತ್ತಾರೆ. ಆ ಕೈಯನ್ನೇ ಅವನು ಕೇಳಿದ್ದು.

ಸುಮತಿ ಊಟಿಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ದಿನವೂ ಸ್ಕೂಟರಿನಲ್ಲಿ ಓಡಾಡುವವಳು. ಅವಳ ಮದುವೆಗೆ ನಾನು ಬೈಕಿನಲ್ಲಿ ಬರುತ್ತೇನೆ ಎಂದಾಗ ಫೋನಿನಲ್ಲೇ ಹೇಳಿದಳು: "ಮಾಮಾ, ಹೆಲ್ಮೆಟ್ ಒಳ್ಳೇದು ತಗೊಳ್ಳಿ. ಆಮೇಲೆ ಗ್ಲೌಸ್. ಬಿದ್ರೆ ಮೊದಲು ನೆಲಕ್ಕೆ ಹೋಗೋದು ಕೈಯೇ."

ಹೆಲ್ಮೆಟ್ ಒಳ್ಳೆಯದನ್ನೇ ತೆಗೆದುಕೊಂಡೆ. ಮೈಸೂರಿನ ಅಂಗಡಿಯಲ್ಲಿ ಐಎಸ್‌ಐ ಗುರುತು ನೋಡಿ, ಪಟ್ಟಿ ಬಿಗಿದು, ತಲೆ ಕೊಡವಿ ನೋಡಿ, ಸಾವಿರದ ಎಂಟುನೂರು ಕೊಟ್ಟೆ. ಮೊಣಕಾಲಿಗೆ ಕಟ್ಟುವ ಗಾರ್ಡು ಅಗ್ಗಕ್ಕೆ ಸಿಕ್ಕಿತು. ಜಾಕೆಟ್ಟಿನ ಬೆಲೆ ಕೇಳಿ ಕೈ ಮುಗಿದೆ, ಮನೆಯಲ್ಲಿದ್ದ ಹಳೆಯ ಕ್ಯಾನ್ವಾಸ್ ಕೋಟೇ ಸಾಕೆಂದುಕೊಂಡೆ. ಅಂಗೈಗೆ ಚರ್ಮ, ಬೆರಳ ಗೆಣ್ಣಿಗೆ ಗಟ್ಟಿ ಕವಚ ಇದ್ದ ಕೈಗವಸು ತೋರಿಸಿದಾಗ ಮಾತ್ರ ನಗು ಬಂತು. ಕೈಗೂ ಸಾವಿರ ರೂಪಾಯಿಯೇ? ದಾರಿಯಲ್ಲಿ ಉಣ್ಣೆಯದು ಸಿಗುತ್ತದಲ್ಲ ಎಂದು ಹೊರಬಂದೆ. ಊಟಿ ಎಂದರೆ ಚಳಿ, ಕೈಗವಸು ಎಂದರೆ ಉಣ್ಣೆ. ಕೆಳಗಿನ ಊರಿನವರಾದ ನಮ್ಮ ತಲೆಗೆ ಹೊಳೆಯುವುದು ಇಷ್ಟೇ.

ಬಂಡೀಪುರದ ಕಾಡನ್ನು ನಿಧಾನವಾಗಿ ದಾಟಿದೆ. ರಸ್ತೆಯ ಪಕ್ಕದಲ್ಲೇ ಒಂದು ಹೆಣ್ಣಾನೆ ಸೊಪ್ಪು ಮುರಿಯುತ್ತಿತ್ತು. ನನ್ನ ಎದೆ ಹೊಡೆದುಕೊಂಡಿತೇ ಹೊರತು ಅದು ತಿರುಗಿ ಕೂಡ ನೋಡಲಿಲ್ಲ. ಗಡಿಯ ಚೆಕ್‌ಪೋಸ್ಟಿನಲ್ಲಿ ಇ-ಪಾಸ್ ನೋಡಿದರು, ಬೆಟ್ಟದಲ್ಲಿ ನಿಷೇಧವೆಂದು ಪ್ಲಾಸ್ಟಿಕ್ ನೀರಿನ ಬಾಟಲಿ ಕಿತ್ತುಕೊಂಡರು. ತೆಪ್ಪಕಾಡು ದಾಟಿ ಗೂಡಲೂರು ಸೇರುವಾಗ ಹೊಟ್ಟೆ ಹಸಿದಿತ್ತು. ಲೀಲಾಳ ಬುತ್ತಿ ಇದ್ದರೂ ಆಸೆ ಬಿಡದೆ ಮಲಯಾಳಿ ಹೋಟೆಲಿನಲ್ಲಿ ಪುಟ್ಟು, ಕಡಲೆ ತಿಂದೆ. ಎದುರಿನ ಸ್ವೆಟರ್ ಅಂಗಡಿಯಲ್ಲಿ ಕೆಂಪು ಉಣ್ಣೆಯ ಕೈಗವಸು ತೂಗಾಡುತ್ತಿತ್ತು. ನೂರೈವತ್ತು ಹೇಳಿದ್ದನ್ನು ನೂರಕ್ಕೆ ಇಳಿಸಿದೆ. ಬೆಚ್ಚಗಿತ್ತು. ಗೆದ್ದವನ ಹಾಗೆ ಗಾಡಿ ಏರಿದೆ.

ನಡುವಟ್ಟಂ ದಾಟುವಾಗ ಮಂಜು ಇಳಿಯಿತು. ಉಣ್ಣೆ ನೆನೆದು ಕೈ ಭಾರವಾಯಿತು, ಬ್ರೇಕಿನ ಮೇಲೆ ಬೆರಳು ಜಾರತೊಡಗಿತು. ಒಂದು ತಿರುವಿನಲ್ಲಿ ನೀಲಗಿರಿ ಮರದ ಒದ್ದೆ ಎಲೆಗಳು ರಸ್ತೆಯ ಮೇಲೆ ಹಾಸಿಕೊಂಡಿದ್ದವು. ವೇಗವೇನೂ ಇರಲಿಲ್ಲ, ಎತ್ತಿನಗಾಡಿಯಷ್ಟೇ ಇತ್ತು. ಅಷ್ಟಕ್ಕೇ ಚಕ್ರ ಜಾರಿ, ನಾನು ಬಲಗೈ ಊರಿ ಡಾಂಬರಿನ ಮೇಲೆ ಮಾರುದ್ದ ಜಾರಿಹೋದೆ.

ಹೆಲ್ಮೆಟ್ಟಿಗೆ ಒಂದು ಗೀರು, ಗಾರ್ಡು ಸೀಳಿದರೂ ಮೊಣಕಾಲಿಗೆ ಏನೂ ಇಲ್ಲ. ಕೈಗವಸಿನ ಅಂಗೈ ಮಾತ್ರ ಹರಿದು ಹೋಗಿತ್ತು, ಅದರ ಜೊತೆಗೆ ನನ್ನ ಚರ್ಮವೂ. ತಿರುವಿನಾಚೆಯ ಚಹಾ ಅಂಗಡಿಯವರು ಗಾಡಿಯನ್ನು ತಮ್ಮ ಅಂಗಳಕ್ಕೆ ತಳ್ಳಿಸಿ, ನನ್ನನ್ನು ಜೀಪಿನಲ್ಲಿ ಹತ್ತಿರದ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ನರ್ಸು ಗಾಯದೊಳಗೆ ಹೂತಿದ್ದ ಕೆಂಪು ಎಳೆಗಳನ್ನು ಒಂದೊಂದಾಗಿ ಚಿಮಟದಿಂದ ಎಳೆದರು. ಸುಮತಿಯ ಮಾತು ಆಗ ನೆನಪಾಯಿತು. ಹುಡುಗಿ ಹೇಳಿದ್ದನ್ನು ಕೇಳಬಾರದಿತ್ತೇ ಎಂದು ಎಷ್ಟು ಮರುಗಿದೆನೋ. ಕೈಗೆ ದಪ್ಪ ಬ್ಯಾಂಡೇಜು ಸುತ್ತಿ, ಒದ್ದೆ ಮಾಡಬೇಡಿ, ಬಿಚ್ಚಬೇಡಿ ಎಂದರು.

ಉಳಿದ ದಾರಿ ಬಸ್ಸಿನಲ್ಲೇ ಹೋದೆ. ಸ್ವಂತ ಗಾಡಿಯಲ್ಲಿ ಬರುತ್ತೇನೆಂದು ಕೊಟ್ಟ ಮಾತು ಚಹಾ ಅಂಗಡಿಯ ಅಂಗಳದಲ್ಲೇ ನಿಂತಿತು. ಸಂಜೆ ತುಮ್ಮನಟ್ಟಿಯಲ್ಲಿ ಇಳಿದಾಗ ಭೋಜನ ತಾಯಿ ಮೊದಲು ನೋಡಿದ್ದು ನನ್ನ ಕೈಯನ್ನು. "ಕೈಗೆ ಏನ ಆತು?" ಎಂದರು. ಸುಮತಿ ಒಳಗಿನಿಂದ ಬಂದು ನೋಡಿದಳು. ಬೈಯಬಹುದಿತ್ತು, ಬೈಯಲಿಲ್ಲ. "ಉಣ್ಣೇದಾ, ಮಾಮಾ?" ಎಂದು ಕೇಳಿ, ಹೌದೆಂದು ನಾನು ತಲೆಯಾಡಿಸಿದಾಗ ಕುಡಿಯಲು ಬಿಸಿನೀರು ತರಲು ಹೋದಳು.

ಮರುದಿನ ಬೆಳಗ್ಗೆ ಮನೆಯ ಮುಂದೆ ಹಿರಿಯರು ಸಾಲಾಗಿ ಕೂತರು. ಸುಮತಿ ಬಿಳಿಯ ಮುಸುಕನ್ನು ಸರಿಸಿ ಒಬ್ಬೊಬ್ಬರ ಮುಂದೆ ಬಾಗುತ್ತಾ ಬಂದಳು. ಎಡಗೈ ಇಡುವಂತಿಲ್ಲ. ನನ್ನ ಸರದಿ ಬಂದಾಗ ಬಟ್ಟೆಯ ಉಂಡೆಯಂತಿದ್ದ ಬಲಗೈಯನ್ನು ಅವಳ ತಲೆಯ ಮೇಲೆ ಹಿಡಿದು, ಭೋಜ ಕಲಿಸಿದ್ದ ಹರಕೆಯನ್ನೇ ಹೇಳಿದೆ: "ಒಂದು ಸಾವಿರವಾಗಲಿ."

ಅವಳು ಏಳಲಿಲ್ಲ. ಬಗ್ಗಿಕೊಂಡೇ ಮೆಲ್ಲಗೆ ಕೇಳಿದಳು: "ಮಾಮಾ, ಕೈ ಇಟ್ರಾ? ಗೊತ್ತೇ ಆಗ್ಲಿಲ್ಲ."

ನೋವಿಗೆ ಹೆದರಿ ಕೈಯನ್ನು ತೇಲಿಸಿಯೇ ಹಿಡಿದಿದ್ದೆ. ಈಗ ಒತ್ತಿ ಇಟ್ಟೆ. ಕಣ್ಣಲ್ಲಿ ನೀರು ಬಂತು. ಸ್ನೇಹಿತನನ್ನು ನೆನೆದು ಅಳುತ್ತಿದ್ದಾನೆ ಎಂದು ಪಕ್ಕದವರು ಬೆನ್ನು ಸವರಿದರು. ಅದೂ ಸುಳ್ಳಲ್ಲ.

ಹಿಂದಿರುಗುವಾಗ ಹಳೆಯ ಪರಿಚಯದ ಕ್ಯಾರೆಟ್ ಲಾರಿ ಸಿಕ್ಕಿತು. ಚಹಾ ಅಂಗಡಿಯ ಮುಂದೆ ನಿಲ್ಲಿಸಿ ಮೋಟಾರ್‌ಸೈಕಲನ್ನು ಮೂಟೆಗಳ ನಡುವೆ ಮಲಗಿಸಿದರು. ನಾನು ಎಂದಿನ ಹಾಗೆ ಕ್ಲೀನರ್ ಸೀಟಿನಲ್ಲಿ ಕೂತೆ. ಗೂಡಲೂರಿನ ಅಂಗಡಿಯಲ್ಲಿ ಕೆಂಪು ಕೈಗವಸುಗಳು ಇನ್ನೂ ತೂಗಾಡುತ್ತಿದ್ದವು, ನನ್ನಂಥವನೇ ಒಬ್ಬ ಅವುಗಳ ಮುಂದೆ ಚೌಕಾಸಿ ಮಾಡುತ್ತಿದ್ದ. ಕೂಗಿ ಹೇಳೋಣವೆಂದು ಕಿಟಕಿಗೆ ಬಗ್ಗುವಷ್ಟರಲ್ಲಿ ಲಾರಿ ಮುಂದೆ ಹೋಯಿತು.

ಮೈಸೂರಿಗೆ ಹೋಗಿ ಚರ್ಮದ ಕೈಗವಸು ತಂದಿದ್ದೇನೆ. ಗಾಯವೂ ಮಾಗಿದೆ. ಭೋಜನ ಮಗಳ ತಲೆಯ ಮೇಲೆ ಕೈಯಿಟ್ಟು ಬಂದೆ ಎಂದು ಎಲ್ಲರಿಗೂ ಹೇಳುತ್ತೇನೆ. ಅವಳ ಕೂದಲು ಒರಟೋ ನುಣುಪೋ ಎಂಬುದು ಮಾತ್ರ ನನ್ನ ಅಂಗೈಗೆ ಇವತ್ತಿಗೂ ಗೊತ್ತಿಲ್ಲ.