ದನಿ ಬರುವವರೆಗೆ

ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಆಸ್ಪತ್ರೆಯ ವೈದ್ಯರು ಮಾತಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ ವರದಿಗಳನ್ನು ಕೇಳಿಸಿಕೊಂಡು ಟೈಪ್ ಮಾಡುವುದು ಅವಳ ಕೆಲಸ. ಪರದೆಯ ಮೇಲಿದ್ದುದನ್ನೆಲ್ಲ ಕಂಪ್ಯೂಟರ್ ಓದಿ ಹೇಳುತ್ತಿತ್ತು. ಯಾವ ಡಾಕ್ಟರು ಯಾವ ಪದವನ್ನು ಹೇಗೆ ನುಂಗುತ್ತಾರೆ ಎಂದು ಏಳು ವರ್ಷದಿಂದ ಬರೆದಿಟ್ಟ ಉದ್ದನೆಯ ಪಟ್ಟಿಯೂ ಅದರಲ್ಲೇ ಇತ್ತು. ಬೇರೆಲ್ಲೂ ನಕಲಿರಲಿಲ್ಲ.

ಹಳೆಯ ಆಪರೇಟಿಂಗ್ ಸಿಸ್ಟಮ್ ನಾಳೆಯಿಂದ ನಡೆಯದು ಎಂದು ಕಚೇರಿಯವರು ವಾರದ ಹಿಂದೆಯೇ ತಿಳಿಸಿದ್ದರು. "ಸಂಜೆ ಬಂದು ಹೊಸದು ಹಾಕ್ಕೊಡ್ತೀನಿ, ನೀನು ಕೈ ಹಾಕಬೇಡ," ಎಂದು ಗಂಡ ಹೊರಟ. ಆ ಮಾತೇ ಅವಳನ್ನು ಕೆಣಕಿತು. ಊಟವಾದದ್ದೇ ಹೊಸ ಸಿಸ್ಟಮ್ ಇದ್ದ ಪೆನ್‌ಡ್ರೈವ್ ಸಿಕ್ಕಿಸಿ ಶುರು ಮಾಡಿಯೇಬಿಟ್ಟಳು.

ಕಂಪ್ಯೂಟರ್ ಆರಿ ಮತ್ತೆ ಶುರುವಾಯಿತು. ದನಿ ಮಾತ್ರ ಇಲ್ಲ. ದನಿ ಬರಿಸುವ ಕೀಲಿಗಳನ್ನು ಮೂರು ಸಲ ಒತ್ತಿದಳು. ಫ್ಯಾನಿನ ಗುಂಯ್ ಬಿಟ್ಟರೆ ಏನೂ ಕೇಳಲಿಲ್ಲ.

"ಅತ್ತೆ, ಸ್ವಲ್ಪ ಬನ್ನಿ!"

ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. "ನಂಗೆಲ್ಲಿ ಇಂಗ್ಲಿಷ್ ಬರುತ್ತೆ?"

"ಅಂಕಿ ಓದಿದ್ರೆ ಸಾಕು."

ಬಾಯಿಪಾಠ ಮಾಡಿಟ್ಟುಕೊಂಡಿದ್ದಂತೆ ಕೀಲಿ ಒತ್ತುತ್ತ ಹೋದಳು. ಈಗ ಅಳಿಸಬೇಕಾದ ಡಿಸ್ಕ್ ಆರಿಸಬೇಕು. ಚಿಕ್ಕದರಲ್ಲಿ ಹಳೆಯ ಸಿಸ್ಟಮ್, ದೊಡ್ಡದರಲ್ಲಿ ಅವಳ ಪಟ್ಟಿ.

"ಮೇಲೆ ಒಂಬೈನೂರ ಚಿಲ್ಲರೆ, ಕೆಳಗೆ ಇನ್ನೂರ ಚಿಲ್ಲರೆ," ಎಂದರು ಅತ್ತೆ.

"ಆರಿಸಿದ ಸಾಲಿಗೆ ಬಣ್ಣ ಇರುತ್ತೆ, ಯಾವುದಕ್ಕಿದೆ?"

"ಕೆಳಗಿಂದಕ್ಕೆ."

ಬೆರಳು ಇನ್ನೇನು ಎಂಟರ್ ಒತ್ತಬೇಕು, ಅತ್ತೆ ಗಪ್ಪನೆ ಅವಳ ಮಣಿಕಟ್ಟು ಹಿಡಿದರು. "ತಡಿ, ತಡಿ! ಕನ್ನಡಕ ಹಾಕ್ಕೊಂಡಿಲ್ಲ ನಾನು."

ಅಡುಗೆಮನೆಗೆ ಓಡಿ ಕನ್ನಡಕ ಏರಿಸಿಕೊಂಡು ಬಂದರು. "ಅಯ್ಯೋ, ಬಣ್ಣ ಇರೋದು ಮೇಲಿಂದಕ್ಕೆ ಕಣೇ!"

ಅವಳು ಕೆಳಗಿನ ಬಾಣ ಒತ್ತಿದಳು. "ಈಗ?"

"ಇನ್ನೂರರದ್ದು."

"ಆಣೆ ಮಾಡಿ ಹೇಳಿ."

"ನಿನ್ನಾಣೆಗೂ."

ಒತ್ತಿದಳು. ಅತ್ತೆ ಪರದೆಗೆ ಮೂಗು ತಾಗಿಸಿ, ಕೆಲಸ ಶೇಕಡಾ ಎಷ್ಟು ಮುಗಿಯಿತೆಂಬ ಅಂಕಿ ಓದುತ್ತ ಹೋದರು: ಹನ್ನೆರಡು, ನಲವತ್ತು, ಎಂಬತ್ತಾರು. ಎಂಬತ್ತಾರಕ್ಕೆ ನಿಂತದ್ದು ಕದಲಲಿಲ್ಲ. ಆಮೇಲೆ, "ಪರದೆ ಕಪ್ಪಾಯ್ತಲ್ಲೇ," ಎಂದರು.

ಸ್ವಲ್ಪ ಹೊತ್ತಿಗೆ ಮತ್ತೆ ಬೆಳಕಾಯಿತಂತೆ. ಅವಳು ಅದೇ ಕೀಲಿಗಳನ್ನು ಇನ್ನೊಮ್ಮೆ ಒತ್ತಿದಳು. ಕಂಪ್ಯೂಟರಿನೊಳಗಿಂದ ಯಾರೋ ಅಪರಿಚಿತ ಹೆಂಗಸು ಪಟಪಟನೆ ಮಾತಾಡತೊಡಗಿದಳು. ಅತ್ತೆ ಬೆಚ್ಚಿಬಿದ್ದರು. ತಗಡಿನಂಥ ದನಿ, ಪ್ರತಿ ಕೀಲಿ ಒತ್ತಿದಾಗಲೂ ಎರಡೆರಡು ಮಾತು. ಅವಳಿಗೆ ಚೂರೂ ಹಿಡಿಸಲಿಲ್ಲ. ಆದರೂ ಆ ದನಿಯ ಬೆನ್ನು ಹತ್ತಿ ದೊಡ್ಡ ಡಿಸ್ಕ್ ತೆರೆದಳು. ಅದು ಪಟ್ಟಿಯ ಹೆಸರನ್ನು ಓದಿದಾಗ ಅವಳಿಗೆ ಅಳು ಬಂತು.

ಸಂಜೆ ಗಂಡ ರೇಗಿದ. "ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ?"

"ಆಗೋದ್ರಲ್ಲಿತ್ತು," ಎಂದಳು. "ಇನ್ನೊಂದು ಪೆನ್‌ಡ್ರೈವ್ ಇದ್ರೆ ಕೊಡಿ, ಪಟ್ಟಿ ನಕಲು ಮಾಡ್ಕೋಬೇಕು."